ಪೆನ್ನಿನ ಚಾಚಾ ಮತ್ತು ಇರಿಡಿಯಂ ಕಾಳು

ಅವರ ಕೆಳತುಟಿಯ ನಟ್ಟನಡುವೆ ಒಂದು ನೀಲಿ ಕಲೆ ಇತ್ತು. ಎಷ್ಟು ತೊಳೆದರೂ ಹೋಗದ ಕಲೆ. ಶಾಯಿ ಕಟ್ಟಿಕೊಂಡ ಪೆನ್ನನ್ನು ಅವರು ಬಾಯಿಗಿಟ್ಟು, ಕೆನ್ನೆ ಉಬ್ಬಿಸಿ, ಒಲೆ ಊದುವವರಂತೆ ಊದುತ್ತಿದ್ದರು. ಆಚೆ ತುದಿಯಿಂದ ಶಾಯಿ ಚಿಮ್ಮಿ ಎದುರಿಗೆ ಹಿಡಿದ ಚಿಂದಿಯ ಮೇಲೆ ಬೀಳುತ್ತಿತ್ತು. ಒಂದಿಷ್ಟು ಹಿಂದಕ್ಕೂ ಬಂದು ತುಟಿಗೆ ಹತ್ತುತ್ತಿತ್ತು. ಅದರ ಮೇಲೆ ಎಲೆ-ಅಡಿಕೆಯ ಚಟ ಬೇರೆ. ಕೆಂಪು ನೀಲಿ ಎರಡೂ ಕಲೆತು ಬಾಯಿ ಸದಾ ನೇರಳೆಹಣ್ಣು ತಿಂದವರ ಬಾಯಿಯಂತಿರುತ್ತಿತ್ತು. ಬಿಳಿ ಗಡ್ಡ, ಬಿಳಿ ಟೊಪ್ಪಿಗೆ, ಬಿಳಿ ಅಂಗಿ, ನಡುವೆ ಆ ಬಾಯಿ. ಮೊದಲ ಸಲ ನೋಡಿದವರು ನಗದೆ ಇರುತ್ತಿರಲಿಲ್ಲ.

"ನಗ್ರಿ, ನಗ್ರಿ. ನಿಮ್ಮ ಪೆನ್ ಕಟ್ಟಿದ ದಿನ ಇದ ಬಾಯಿ ಹುಡಕ್ಕೋಂತ ಬರ್ತೀರಿ" ಎನ್ನುತ್ತಿದ್ದರು.

ಮುದ್ದೇಬಿಹಾಳದಲ್ಲಿ ಅವರಿಗೆ ಬೇರೆ ಹೆಸರು ಬೇಕಾಗಿರಲಿಲ್ಲ. ಪೆನ್ನಿನ ಚಾಚಾ ಎಂದರೆ ಸಾಕು, ಬಸ್ ಸ್ಟ್ಯಾಂಡಿನಲ್ಲಿ ಇಳಿದವರನ್ನು ಯಾರಾದರೂ ಅವರ ಮುಂದೆ ತಂದು ನಿಲ್ಲಿಸುತ್ತಿದ್ದರು. ಕಚೇರಿಗೆ ಹೋಗುವ ದಾರಿಯಲ್ಲಿ ಒಂದು ಕಿರಾಣಿ ಅಂಗಡಿಯ ಕಟ್ಟೆಯೇ ಅವರ ಅಂಗಡಿ. ಮುಂದೆ ಗಾಜಿನ ಮುಚ್ಚಳದ ಮರದ ಪೆಟ್ಟಿಗೆ, ಅದರೊಳಗೆ ಸಾಲಾಗಿ ಮಲಗಿಸಿದ ಪೆನ್ನುಗಳು, ಪಕ್ಕದಲ್ಲಿ ಎಣ್ಣೆ ಹಚ್ಚುವ ಸಣ್ಣ ಸಾಣೆಕಲ್ಲು, ಒಂದು ಭೂತಗನ್ನಡಿ. ಬಾಗೇವಾಡಿ, ಸಿಂದಗಿಯ ಸಂತೆಯ ದಿನ ಈ ಪೆಟ್ಟಿಗೆಯೊಂದಿಗೆ ಬಸ್ಸು ಹತ್ತುತ್ತಿದ್ದರು. ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿರೆಂದು ಕಂಡಕ್ಟರ್ ಹೇಳಿದರೆ ದೊಡ್ಡ ಜಗಳ. "ನಿನ್ನ ಕೂಸಿನ್ನ ಟಪ್ಪಿನ ಮ್ಯಾಲೆ ಹಾಕಿ ಕರಕೊಂಡ ಹೋಗ್ತೀಯೇನು?" ಎಂದು ಕೇಳಿ, ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಪ್ರಯಾಣ ಮಾಡುವವರು.

ಪೆನ್ನು ಕೊಳ್ಳಲು ಬಂದವನು ಮೊದಲು ಒಂದು ಪಾಠ ಕೇಳಬೇಕಾಗುತ್ತಿತ್ತು. ಚಾಚಾ ಒಂದು ಚಿನ್ನದ ನಿಬ್ಬನ್ನು ಎತ್ತಿ, ಭೂತಗನ್ನಡಿಯನ್ನು ಅವನ ಕಣ್ಣಿಗೆ ಹಿಡಿದು, ನಿಬ್ಬಿನ ತುದಿ ತೋರಿಸುತ್ತಿದ್ದರು. ಅಲ್ಲಿ ಸಾಸಿವೆಗಿಂತ ಸಣ್ಣದಾದ, ಬೆಳ್ಳಗೆ ಮಿಂಚುವ ಒಂದು ಕಾಳು ಕೂತಿರುತ್ತಿತ್ತು.

"ಇದು ಇರಿಡಿಯಂ. ಬಂಗಾರ ಮೆತ್ತನ್ನ ಮನಷ್ಯಾ. ಶಾಯಿ ಹುಳಿ ತಡಕೋತಾನ, ಆದ್ರ ಕಾಗದದ ಮ್ಯಾಲೆ ತಿರಗಾಡಿದ್ರ ಸವದ ಹೋಗ್ತಾನ. ಉಕ್ಕು ಗಟ್ಟಿ, ಆದ್ರ ಶಾಯಿಗೆ ತುಕ್ಕ ಹಿಡೀತೈತಿ. ಇದಕ್ಕ ಎರಡೂ ಇಲ್ಲ. ಸವಿಯೂದಿಲ್ಲ, ತುಕ್ಕ ಹಿಡಿಯೂದಿಲ್ಲ. ತೇಜಾಬದಾಗ, ಅಂದ್ರ ಆ್ಯಸಿಡ್‌ನಾಗ ಹಾಕ್ರಿ, ಕರಗೂದಿಲ್ಲ. ಕುಲಿಮ್ಯಾಗ ಇಡ್ರಿ, ಕರಗೂದಿಲ್ಲ."

"ಹಂಗಾರ ಹೆಂಗ ಹಾಳಾಗತೈತಿ ಚಾಚಾ?"

"ನೆಲಕ್ಕ ಬಿದ್ರ. ಭಾಳ ಗಟ್ಟಿ ಇದ್ದದ್ದು ಬಾಗೂದಿಲ್ಲ ನೋಡ್ರಿ. ಟಕ್ ಅಂತ ಸಿಡದ ಹೋಗತೈತಿ."

ಅದರ ಬೆಲೆ ಮಾತ್ರ ಗಿರಾಕಿಯನ್ನು ನೋಡಿ ಏರಿಳಿಯುತ್ತಿತ್ತು. ಶಾಲೆಯ ಹುಡುಗರಿಗೆ ಅದು ಬಂಗಾರದ ಎರಡು ಪಟ್ಟು, ವಕೀಲರಿಗೆ ಹತ್ತು ಪಟ್ಟು. ಮುಗಿಲಿನಿಂದ ಬಿದ್ದ ಕಲ್ಲಿನಲ್ಲಿ ಸಿಗುತ್ತದೆಂದು ಒಬ್ಬರಿಗೆ, ರಷ್ಯಾದ ಗುಡ್ಡದಲ್ಲಿ ಸಿಗುತ್ತದೆಂದು ಇನ್ನೊಬ್ಬರಿಗೆ. ಅವರ ಮಾತಿನಲ್ಲಿ ಎಷ್ಟು ಖರೆ, ಎಷ್ಟು ಒಗ್ಗರಣೆ ಎಂದು ಆಗ ನನಗೆ ತಿಳಿಯುತ್ತಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಒಂದು ವಿಜ್ಞಾನದ ಪುಸ್ತಕದಲ್ಲಿ ಓದಿದಾಗ, ಕಲ್ಲೂ ಖರೆ, ಗುಡ್ಡವೂ ಖರೆ ಎಂದು ಗೊತ್ತಾಗಿ ಬೆರಗಾಯಿತು. ಈ ಲೋಹದ ಲವಣಗಳು ನಾನಾ ಬಣ್ಣದವು, ಅದಕ್ಕೇ ಇದಕ್ಕೆ ಕಾಮನಬಿಲ್ಲಿನ ಹೆಸರು ಎಂದೂ ಅಲ್ಲಿತ್ತು. ಇದು ಚಾಚಾಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ವಕೀಲರಿಗೆ ಬೆಲೆ ಇನ್ನೂ ಏರುತ್ತಿತ್ತು.

ನಮ್ಮ ಕಡೆ ಆಗ ಲಗ್ನದ ಗಂಡಿಗೆ ಕಿಸೆಯಲ್ಲಿ ಒಂದು ಪೆನ್ನು ಇರಲೇಬೇಕಿತ್ತು. ಅವನಿಗೆ ಅಕ್ಷರ ಬರಲಿ ಬಿಡಲಿ, ಬಾಸಿಂಗದಷ್ಟೇ ಅದೂ ಮುಖ್ಯ. ಅಂಥ ಗಂಡಿನ ಕಡೆಯವರು ಬಂದರೆ ಚಾಚಾ ಇರಿಡಿಯಂ ಪೆನ್ನನ್ನು ಗಾಜಿನ ಮುಚ್ಚಳದಿಂದ ಹೊರಗೆ ತೆಗೆಯುತ್ತಲೇ ಇರಲಿಲ್ಲ. "ನಿಮಗ ಬೇಕಾದದ್ದು ಕ್ಲಿಪ್ಪು. ಕ್ಲಿಪ್ ಹೊಳಿಯೂದು ಕೊಡ್ತೇನಿ, ಒಯ್ರಿ" ಎಂದು ಅಗ್ಗದ್ದನ್ನೇ ಕೊಟ್ಟು ಕಳಿಸುತ್ತಿದ್ದರು. ವ್ಯಾಪಾರಿಗೆ ಇದು ತಕ್ಕ ಬುದ್ಧಿಯಲ್ಲ ಎಂದು ಕಿರಾಣಿ ಅಂಗಡಿಯವರು ಬೈಯುತ್ತಿದ್ದರು.

ಒಮ್ಮೆ ಊರಿನ ಅಕ್ಕಸಾಲಿಗನೊಬ್ಬ ಸಿಟ್ಟಿನಿಂದ ಅರವನ್ನು ಕೈಯಲ್ಲಿ ಹಿಡಿದುಕೊಂಡೇ ಬಂದ. ಮುರಿದ ಚಿನ್ನದ ನಿಬ್ಬುಗಳನ್ನು ಚಾಚಾನಿಂದ ಕೊಂಡು, ಕರಗಿಸಿ, ಯಾರದೋ ಮೂಗುತಿ ಮಾಡಹೊರಟಿದ್ದನಂತೆ. ಬಂಗಾರದೊಳಗೆ ಏನೋ ಕಲ್ಲಿನಂಥ ಚೂರು ಸಿಕ್ಕು, ಅರದ ಹಲ್ಲು ಉದುರಿ, ಕೆಲಸ ಕೆಟ್ಟಿತ್ತು. "ಏನ್ ಬೆರಸೀರಿ ಇದರಾಗ?" ಎಂದು ಕೂಗಾಡಿದ. ಚಾಚಾಗೆ ಸಿಟ್ಟೇ ಬರಲಿಲ್ಲ. ಎದ್ದು ನಿಂತು, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು, "ಕೇಳ್ರಿ, ಬಂಗಾರ ಕರಗೇತಿ, ಇದು ಕರಗಿಲ್ಲ! ನಾ ಹೇಳಿದ್ದೇನು?" ಎಂದು ಸಾಕ್ಷಿ ಹಾಕಿಕೊಂಡರು. ಆಮೇಲೆ ಅವನಿಗೆ ಚಹ ಕುಡಿಸಿ, ಕರಗಿಸುವ ಮೊದಲು ತುದಿ ಕತ್ತರಿಸಿ ತೆಗೆಯುವುದನ್ನು ತೋರಿಸಿಕೊಟ್ಟರು. ಆ ಕಾಳುಗಳನ್ನು ತಮಗೇ ತಂದು ಕೊಡಬೇಕೆಂದು ಮಾತು ತೆಗೆದುಕೊಂಡರು. ಅವುಗಳಿಂದ ಅವರಿಗೆ ಏನೂ ಉಪಯೋಗವಿರಲಿಲ್ಲ. ನಿಬ್ಬಿಗೆ ಕಾಳು ಬೆಸೆಯುವುದು ದೊಡ್ಡ ಕಾರ್ಖಾನೆಯ ಕೆಲಸ. ಆದರೂ ಒಂದು ಔಷಧದ ಸೀಸೆಯಲ್ಲಿ ಕೂಡಿಹಾಕಿ, ಬೇಸರವಾದಾಗ ಅಲ್ಲಾಡಿಸಿ ನೋಡುತ್ತಿದ್ದರು.

ಸೇರು, ಮಣ ಹೋಗಿ ಕಿಲೋ ಬಂದ ಕಾಲವದು. ಹೊಸ ತೂಕದ ಕಲ್ಲುಗಳನ್ನು ನೋಡಲು ಬಂದ ಇನ್ಸ್‌ಪೆಕ್ಟರರೊಬ್ಬರು ಪೆನ್ನು ತೋರಿಸಲು ಚಾಚಾನ ಹತ್ತಿರ ಕೂತರು. ಪಾಠ ಕೇಳಿದ ಮೇಲೆ ಅವರು ತಮಗೆ ಗೊತ್ತಿದ್ದ ಒಂದು ಮಾತು ಹೇಳಿದರು. ಜಗತ್ತಿನ ಕಿಲೋಗಳಿಗೆಲ್ಲ ಮೂಲವಾದ ತಾಯಿಕಲ್ಲು ಫ್ರಾನ್ಸ್ ದೇಶದಲ್ಲಿದೆ, ಪ್ಲ್ಯಾಟಿನಂಗೆ ಇರಿಡಿಯಂ ಬೆರೆಸಿ ಅದನ್ನು ಮಾಡಿದ್ದಾರೆ, ಸವೆಯಬಾರದು ನೋಡಿ ಎಂದರು. ಅವತ್ತಿನಿಂದ ಚಾಚಾನನ್ನು ಹಿಡಿಯುವವರು ಯಾರು? ಬಾಗೇವಾಡಿಯ ಸಂತೆಯಲ್ಲಿ ಬದನೆಕಾಯಿ ಮಾರುವ ಅಜ್ಜಿಗೆ, "ಯವ್ವಾ, ನಿನ್ನ ಕಿಲೋದ ತಾಯಿಯೊಳಗ ನನ್ನ ಇರಿಡಿಯಂ ಐತಿ" ಎಂದು ಹೇಳಿದರು.

ಅಜ್ಜಿ ತಕ್ಕಡಿ ಕೆಳಗಿಡದೆ, "ಇರ್ಲಿ ತಗೋ. ಬದ್ನಿಕಾಯಿ ತುಟ್ಟಿ ಮಾಡದಿದ್ರ ಸಾಕು" ಅಂದಳು.

ನಾನು ಚಾಚಾಗೆ ಋಣಿಯಾದದ್ದು ಇದೇ ದಿನಗಳಲ್ಲಿ. ನಮ್ಮ ಊರು ನಾಲತವಾಡ. ತಂದೆ ಇರಲಿಲ್ಲ, ಹೊಲವಿರಲಿಲ್ಲ, ಅವ್ವನಿಗೆ ನಾನೊಬ್ಬನೇ ಮಗ. ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿದ್ದರಿಂದಲೂ, ಅಕ್ಷರ ಚೆನ್ನಾಗಿದ್ದುದರಿಂದಲೂ ಗೊಳಸಂಗಿಯಲ್ಲಿ ತಲಾಟಿಯ ಕೆಲಸ ಸಿಕ್ಕಿತ್ತು. ಊರವರ ಹೊಲಗಳ ದಾಖಲೆ ಬರೆಯುವುದು, ಕೇಳಿದವರಿಗೆ ಅದರ ನಕಲು, ಅಂದರೆ ಉತಾರ, ಬರೆದು ಕೊಡುವುದು ತಲಾಟಿಯ ಕೆಲಸ. ನನ್ನ ಅಕ್ಷರದ ಬಗ್ಗೆ ನನಗೆ ಬಹಳ ಜಂಬವಿತ್ತು. ಉತಾರ ಒಯ್ಯಲು ಬಂದ ರೈತ ಅದನ್ನು ತಲೆಕೆಳಗಾಗಿ ಹಿಡಿದು ನೋಡಿ, "ಮುತ್ತು ಪೋಣಿಸಿದಂಗ ಐತ್ರಿ" ಎಂದರೂ ನನಗೆ ಖುಷಿಯಾಗುತ್ತಿತ್ತು.

ಒಂದು ಮಳೆಗಾಲ ಹೊಲ ಅಳೆಯಲು ಹೋಗಿ ಬರುವಾಗ, ಹಳ್ಳದ ಇಳಿಜಾರಿನಲ್ಲಿ ಎತ್ತು ಬೆದರಿ ಬಂಡಿ ಮಗುಚಿತು. ನನ್ನ ಬಲಗೈ ಗಾಲಿಯ ಅಡಿಗೆ ಸಿಕ್ಕಿತು. ವಿಜಾಪುರದ ದವಾಖಾನೆಯಲ್ಲಿ ತೋರುಬೆರಳು ತೆಗೆದರು. ಹೆಬ್ಬೆರಳು ಉಳಿಯಿತು, ಆದರೆ ಗೂಟದಂತೆ ಸೆಟೆದು ನಿಂತಿತು. ಪಟ್ಟಿ ಬಿಚ್ಚಿದ ದಿನ ನಾನು ಅತ್ತದ್ದು ನೋವಿಗಲ್ಲ. ಆ ಕೈಯಲ್ಲಿ ಪೆನ್ನು ನಿಲ್ಲಲಿಲ್ಲ, ಅದಕ್ಕೆ.

ಬಾಗೇವಾಡಿಯ ಮಾಮಲೇದಾರರು, ಅಂದರೆ ತಹಸೀಲ್ದಾರರು, ಒಳ್ಳೆಯವರು. "ಜಮಾಬಂದಿ ತನಕ ನೋಡೋಣ. ಅಷ್ಟರಾಗ ನಿಮ್ಮ ಕೈಲೆ ಬರದ ದಫ್ತರ ನಮಗ ಓದಾಕ ಬರಬೇಕು. ಇಲ್ಲಂದ್ರ ಬರಿಯಾಕ ಬಾರದ ತಲಾಟಿನ್ನ ನಾ ಹೆಂಗ ಇಟ್ಕೊಳ್ಳಲಿ?" ಎಂದರು. ಜಮಾಬಂದಿ ಎಂದರೆ ವರ್ಷದ ಲೆಕ್ಕ ತಪಾಸಣೆ. ಅದಕ್ಕೆ ಕೆಲವು ತಿಂಗಳು ಇದ್ದವು. ಎಡಗೈಯಲ್ಲಿ ಬರೆಯಲು ಕಲಿಯುವುದೊಂದೇ ದಾರಿ.

ಪಾಟಿ, ಬಳಪ ಹಿಡಿದು ಕೂತೆ. ಗೊಳಸಂಗಿಯ ಸಣ್ಣ ಹುಡುಗರು ಬಾಗಿಲಲ್ಲಿ ನಿಂತು, "ತಲಾಟಿಯವರು ಬಿನ್ನೆತ್ತೆ ಕಲಿಯಾಕತ್ತಾರ" ಎಂದು ನಗುತ್ತಿದ್ದರು. ಬಿನ್ನೆತ್ತೆ ಎಂದರೆ ಒಂದನೇ ತರಗತಿಗೂ ಮೊದಲಿನದು. ಅಕ್ಷರಗಳು ಹೇಗೋ ಕೂಡಿದವು. ಆದರೆ ಪಾಟಿಯಿಂದ ಕಾಗದಕ್ಕೆ ಬಂದಾಗ ಎಲ್ಲಾ ಕೆಟ್ಟಿತು. ಬಲಗೈ ಪೆನ್ನನ್ನು ಎಳೆದುಕೊಂಡು ಹೋಗುತ್ತದೆ. ಎಡಗೈ ಅದನ್ನು ನೂಕಬೇಕು. ನೂಕಿದ ನಿಬ್ಬು ಕಾಗದಕ್ಕೆ ಚುಚ್ಚಿ, ನಾರು ಕಿತ್ತು, ಶಾಯಿ ಸಿಡಿಸಿ ನಿಲ್ಲುತ್ತಿತ್ತು. ಸಿಡಿಯದೆ ಉಳಿದದ್ದನ್ನು ಹಿಂದಿನಿಂದ ಬಂದ ನನ್ನ ಅಂಗೈಯೇ ಒರೆಸಿಬಿಡುತ್ತಿತ್ತು. ಊರಲ್ಲಿ ಬೇರೆ ಗುಸುಗುಸು ಎದ್ದಿತ್ತು. ಎಡಗೈಯಲ್ಲಿ ಬರೆದ ಉತಾರದ ಹೊಲ ಕೈಯಲ್ಲಿ ಉಳಿಯುವುದಿಲ್ಲವೆಂದು ಒಬ್ಬ ಮುದುಕ ಕಟ್ಟೆಯ ಮೇಲೆ ಕೂತು ಹೇಳಿದ್ದನಂತೆ.

ಸೋತು, ನಾಲತವಾಡಕ್ಕೆ ಹೋಗುವ ದಾರಿಯಲ್ಲಿ ಮುದ್ದೇಬಿಹಾಳದಲ್ಲಿ ಇಳಿದು ಚಾಚಾನ ಕಟ್ಟೆಯ ಮುಂದೆ ನಿಂತೆ. ಕೈಯನ್ನು ಹಿಂದೆ ಮುಚ್ಚಿಟ್ಟುಕೊಂಡಿದ್ದೆ.

"ತೋರ್ಸ್ರಿ" ಎಂದರು. ತೋರಿಸಿದೆ. ಅಯ್ಯೋ ಎನ್ನಲಿಲ್ಲ. ಭೂತಗನ್ನಡಿಯನ್ನೂ ಬದಿಗಿಟ್ಟು ಎಡಗೈಯನ್ನು ಕೇಳಿದರು. ಅದನ್ನು ಮಗುಚಿ, ಬೆರಳುಗಳನ್ನು ಬಿಡಿಸಿ ನೋಡಿದರು. "ಇದು ಚಲೋ ಐತಲ್ಲ. ಇಷ್ಟ ದಿನ ಇದಕ್ಕ ಕೆಲಸ ಹಚ್ಚದ ಸುಮ್ನ ಕುಂಡ್ರಿಸಿ ಉಣಿಸೀರಿ."

ಒಂದು ಪುಟ ಬರೆಸಿದರು. ನಿಬ್ಬು ಕಾಗದ ಹರಿಯುವುದನ್ನು ನೋಡುತ್ತ ನಕ್ಕರು. ನನಗೆ ಸಿಟ್ಟು ಬಂತು. ಅವರು ಪಕ್ಕದ ಕ್ಷೌರದ ಅಂಗಡಿಯಿಂದ ಒಂದು ಕೈಗನ್ನಡಿ ತರಿಸಿದರು. ನನ್ನ ಕೈಗೆ ಅದನ್ನು ಹಿಡಿಯಲು ಕೊಟ್ಟು, ತಾವು ಕಾಗದ ತೆಗೆದುಕೊಂಡು ಉರ್ದುವಿನಲ್ಲಿ ಬರೆಯತೊಡಗಿದರು. "ನನ್ನ ನೋಡಬ್ಯಾಡ್ರಿ. ಕನ್ನಡ್ಯಾಗ ನೋಡ್ರಿ."

ಕನ್ನಡಿಯಲ್ಲಿ ಅವರ ಬಲಗೈ ಎಡಗೈಯಾಗಿತ್ತು. ಬಲದಿಂದ ಎಡಕ್ಕೆ ಹೋಗುತ್ತಿದ್ದ ಸಾಲು ಎಡದಿಂದ ಬಲಕ್ಕೆ ಹೋಗುತ್ತಿತ್ತು. ಒಬ್ಬ ಎಡಚ ಮುದುಕ ಅಲ್ಲಿ ಕೂತು, ನಾನು ಬರೆಯಬೇಕಾದ ದಿಕ್ಕಿನಲ್ಲೇ, ಸುಲಲಿತವಾಗಿ ಬರೆಯುತ್ತಿದ್ದ.

"ನಾ ಬಲಗೈಲೆ ಉರ್ದು ಬರೀತೇನಿ, ನೀವು ಎಡಗೈಲೆ ಕನ್ನಡ ಬರೀತೀರಿ. ಇಬ್ಬರದೂ ಒಂದ ಫಜೀತಿ. ಇಬ್ಬರೂ ನಿಬ್ಬಿನ್ನ ನೂಕಬೇಕು, ಇಬ್ಬರ ಕೈನೂ ಹಸಿ ಅಕ್ಷರದ ಮ್ಯಾಲೆ ಹೋಗತೈತಿ. ನಮ್ಮ ಮಂದಿ ಹೆಂಗ ಬರಿಯಾಕತ್ತಾರ ಹಂಗಾರ? ಕೈ ಸಾಲಿನ ಕೆಳಗ ಇಟ್ಕೋತೇವಿ. ಇರಿಡಿಯಂನ ಓರೆ ಉಜ್ಜಿಸ್ಕೋತೇವಿ."

ಉರ್ದು ಬರೆಯುವ ಮುನ್ಷಿಗಳಿಗೆ, ಮೌಲವಿಗಳಿಗೆ ಅವರು ಹಾಗೆ ನಿಬ್ಬು ಉಜ್ಜಿ ಕೊಡುತ್ತಿದ್ದರಂತೆ. ತುದಿಯ ಮುಂಭಾಗ ಗುಂಡಗಾಗಿ, ಒಂದು ಬದಿಗೆ ಸ್ವಲ್ಪ ಓರೆಯಾಗಿ ಇದ್ದರೆ ನೂಕಿದರೂ ಚುಚ್ಚುವುದಿಲ್ಲ. ಉಕ್ಕಿನ ನಿಬ್ಬನ್ನು ಹಾಗೆ ಉಜ್ಜಬಹುದು, ಆದರೆ ವಾರದಲ್ಲಿ ತುಕ್ಕು ಹಿಡಿದು ಮತ್ತೆ ಮುಳ್ಳಾಗುತ್ತದೆ. ಇರಿಡಿಯಂ ಆದರೆ ಒಮ್ಮೆ ಉಜ್ಜಿದ್ದು ಆಯುಷ್ಯ ಪೂರ್ತಿ. ತೊಂದರೆ ಒಂದೇ: ಆಗ ಹೊರದೇಶದ ಮಾಲು ಬರುವುದು ಹೆಚ್ಚುಕಡಿಮೆ ನಿಂತಿತ್ತು. ಬರುವ ಅಗ್ಗದ ನಿಬ್ಬುಗಳ ಮೇಲೆ ಇರಿಡಿಯಂ ಎಂದು ಅಚ್ಚು ಇರುತ್ತಿತ್ತು, ಭೂತಗನ್ನಡಿಯಲ್ಲಿ ನೋಡಿದರೆ ಉಕ್ಕಿನ ತುದಿಯನ್ನೇ ಮಡಚಿ ಗುಂಡು ಮಾಡಿದ್ದು. "ಕತ್ತಿಗೆ ಜೀನ ಹಾಕಿದ್ರ ಕುದರಿ ಆಗತೈತೇನು?" ಎಂದು ಚಾಚಾ ಅವನ್ನು ದೂರ ಸರಿಸುತ್ತಿದ್ದರು. ದಪ್ಪ ಕಾಳಿನ ನಿಜವಾದ ನಿಬ್ಬು ಪೆಟ್ಟಿಗೆಯಲ್ಲಿ ಒಂದೇ ಉಳಿದಿತ್ತು. ಅದನ್ನು ತೆಗೆದರು.

ಸಾಣೆಕಲ್ಲಿಗೆ ಎಣ್ಣೆ ಬಿಟ್ಟು, ಬಹಳ ಹೊತ್ತು, ಮಗುವಿನ ಉಗುರು ತೆಗೆಯುವಷ್ಟು ಜೋಕೆಯಿಂದ ಉಜ್ಜಿದರು. ನಡುನಡುವೆ ತಮ್ಮ ಉಗುರಿನ ಮೇಲೆ ಎಳೆದು ನೋಡಿದರು. ಕೊನೆಗೆ ಶಾಯಿ ತುಂಬಿ, ಉರ್ದುವಿನಲ್ಲಿ ಒಂದು ಸಾಲು ಬರೆದು, "ವಾಹ್, ಬೆಣ್ಣಿ" ಎಂದು ನನಗೆ ಕೊಟ್ಟರು.

ನಾನು ಬರೆದೆ. ಚರ್ ಎಂದಿತು. ಮೊದಲಿಗಿಂತ ಕೆಟ್ಟದಾಗಿ ಕಾಗದ ಕಿತ್ತಿತು.

ಚಾಚಾ ಪೆನ್ನು ಇಸಿದುಕೊಂಡು ಮತ್ತೆ ಬರೆದರು. ಬೆಣ್ಣೆ. ನನಗೆ ಕೊಟ್ಟರು. ಮುಳ್ಳು. ನಿಬ್ಬನ್ನು ಭೂತಗನ್ನಡಿಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕಟ್ಟೆಯ ಮೇಲೆ ಬಿದ್ದಿದ್ದ ಕನ್ನಡಿಯತ್ತ ಕಣ್ಣು ಹೋಯಿತು. ನೀಲಿ ತುಟಿ ತೆರೆದೇ ಉಳಿಯಿತು.

"ತೋಬಾ, ತೋಬಾ. ನಿಮಗ ಕನ್ನಡಿ ಹಿಡದು ಪಾಠ ಹೇಳಿ, ಉಜ್ಜುವಾಗ ನಾನ ಮರತೆ. ಓರೆ ಈ ಕಡೆ ಕೊಟ್ಟೇನಿ. ನನ್ನ ಕೈಗೆ ಉಜ್ಜೇನಿ ತಮ್ಮಾ, ನಿನ್ನ ಕೈಗೆ ಅಲ್ಲ."

ಅದೇ ಮೊದಲ ಸಲ ಅವರು ನನ್ನನ್ನು ತಮ್ಮಾ ಎಂದು ಕರೆದದ್ದು. ಆಯುಷ್ಯವೆಲ್ಲ ಒಂದೇ ಬದಿಗೆ ಓರೆ ಕೊಟ್ಟ ಕೈ ತನ್ನಷ್ಟಕ್ಕೆ ತಾನು ಅದೇ ಬದಿಗೆ ಹೊರಳಿತ್ತು. ಈ ಕಡೆ ಸವೆದದ್ದನ್ನು ಆ ಕಡೆಗೆ ತಿರುಗಿಸಲು ಕಾಳಿನಲ್ಲಿ ಲೋಹ ಉಳಿದಿರಲಿಲ್ಲ. ಸವೆಯದ ಲೋಹವೆಂದು ಊರೆಲ್ಲ ಸಾರಿದವರು ಅದನ್ನು ತಾವೇ ಸವೆಸಿ ಕೂತಿದ್ದರು.

ನಾನು ಎದ್ದೆ. ಹಣೆಬರಹಕ್ಕೆ ಯಾರನ್ನು ಬೈಯುವುದು? "ಹೋಗ್ಲಿ ಬಿಡ್ರಿ ಚಾಚಾ, ನೀವರ ಏನ್ ಮಾಡ್ತೀರಿ" ಎಂದೆ. ಅವ್ವನಿಗೆ ಏನು ಹೇಳುವುದೆಂದು ಯೋಚಿಸುತ್ತಿದ್ದೆ.

"ಕುಂಡ್ರು" ಎಂದು ಗದರಿದರು.

ಅಂಗಿಯ ಒಳಕಿಸೆಯಿಂದ ತಮ್ಮ ಸ್ವಂತ ಪೆನ್ನನ್ನು ತೆಗೆದರು. ಕಪ್ಪು ಪೆನ್ನು, ದಪ್ಪ ಚಿನ್ನದ ನಿಬ್ಬು. ಅದರ ಕಥೆ ನಮಗೆಲ್ಲ ಗೊತ್ತಿತ್ತು. ಹರೆಯದಲ್ಲಿ ಅವರು ಸೊಲ್ಲಾಪುರದ ಒಂದು ಅಂಗಡಿಯಲ್ಲಿ ಪೆನ್ನಿನ ಕೆಲಸ ಕಲಿತಿದ್ದರು. ಬಿಟ್ಟು ಬರುವ ದಿನ ಉಸ್ತಾದರು ತಮ್ಮ ಕಿಸೆಯ ಪೆನ್ನನ್ನೇ ತೆಗೆದು ಕೊಟ್ಟಿದ್ದರಂತೆ. ಒಬ್ಬಳೇ ಮಗಳನ್ನು ಇಂಡಿಗೆ ಕೊಟ್ಟಿದ್ದರು. ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು ಆ ಪೆನ್ನಿನಿಂದ ಅವಳಿಗೆ ಪತ್ರ ಬರೆಯುತ್ತಿದ್ದರು. ಬೇರೆ ಯಾವುದಕ್ಕೂ ಅದನ್ನು ತೆಗೆಯುತ್ತಿರಲಿಲ್ಲ. ಯಾರಾದರೂ ಸಹಿ ಮಾಡಲು ಕೇಳಿದರೆ ಪೆಟ್ಟಿಗೆಯ ಪೆನ್ನು ಕೊಡುತ್ತಿದ್ದರು.

ನಿಬ್ಬನ್ನು ಹಿಡಿದೆಳೆದು ಹೊರಗೆ ತೆಗೆದರು.

"ಚಾಚಾ, ಬ್ಯಾಡ್ರಿ" ಎಂದೆ. "ಇದು ಉಸ್ತಾದರದು. ಮಗಳಿಗೆ ಏನಲೆ ಬರೀತೀರಿ?"

"ಉಸ್ತಾದರು ನನಗ ಕೊಟ್ಟಾಗ ಅವರಿಗೂ ಬ್ಯಾರೆ ಇರಲಿಲ್ಲ. ಬಾಯಿ ಮುಚ್ಚಕೊಂಡ ಕುಂಡ್ರು."

ಈ ಸಲ ಅವರು ನನ್ನ ಎಡಗೈಗೆ ಒಣ ಪೆನ್ನು ಹಿಡಿಸಿ, ಅದು ಹೇಗೆ ವಾಲುತ್ತದೆ ಎಂದು ಬಗ್ಗಿ ನೋಡಿದರು. ಒಮ್ಮೆ ಉಜ್ಜುವುದು, ನನಗೆ ಕೊಟ್ಟು ಬರೆಸುವುದು, ಮತ್ತೆ ಉಜ್ಜುವುದು. ತಾವು ಮಾತ್ರ ಬರೆದು ನೋಡಲಿಲ್ಲ. ತಮ್ಮ ಕೈಯನ್ನು ಇನ್ನು ನಂಬಬಾರದೆಂದು ನಿರ್ಧರಿಸಿದ್ದರು. ಕಿರಾಣಿ ಅಂಗಡಿಯವರು ಊಟಕ್ಕೆ ಹೋಗಿ, ಮಲಗಿ, ಎದ್ದು ಬಂದರು; ನಾವಿಬ್ಬರೂ ಹಾಗೇ ಇದ್ದೆವು. ಕೊನೆಗೊಮ್ಮೆ ನಾನು ಬರೆದ ಸಾಲು ಎಲ್ಲಿಯೂ ತಡೆಯದೆ ಕಾಗದದ ಅಂಚಿಗೆ ಹೋಗಿ ಮುಟ್ಟಿತು. ಅಕ್ಷರಗಳು ಸೊಟ್ಟಗಿದ್ದವು, ಆದರೆ ಕಾಗದ ಹರಿದಿರಲಿಲ್ಲ. ನಾನು ನಾಚಿಕೆ ಬಿಟ್ಟು ಅತ್ತೆ. ಚಾಚಾ ಎಲೆಗೆ ಸುಣ್ಣ ಹಚ್ಚುತ್ತ, "ಕಾಗದದ ಮ್ಯಾಲೆ ನೀರ ಬೀಳ್ತೈತಿ, ಆ ಕಡೆ ಹೊಳ್ಳಿ ಅಳು" ಎಂದರು.

ಹಣ ತೆಗೆದುಕೊಳ್ಳಲಿಲ್ಲ. ಇನ್ನೊಬ್ಬರ ಕೈಗೆ ಕೊಡಬಾರದು, ಕೆಳಗೆ ಬೀಳಿಸಬಾರದು, ದಿನಾಲು ಬರೆಯಬೇಕು ಎಂದು ಮಾತ್ರ ಹೇಳಿದರು.

ದಿನಾಲು ಬರೆದೆ. ಗೊಳಸಂಗಿಯ ಆ ಮುದುಕ ಸಹ ಕೊನೆಗೆ ಬಂದ, ಉತಾರ ಬೇಕಿತ್ತು. ಬರೆಯುವಾಗ ಬಲಗೈಯನ್ನೂ ಕಾಗದಕ್ಕೆ ಮುಟ್ಟಿಸಬೇಕೆಂದು ಕೇಳಿದ. ಮುಟ್ಟಿಸಿದೆ. ಆಗಿನಿಂದ ಊರಿನಲ್ಲಿ ಅದೇ ಪದ್ಧತಿಯಾಯಿತು. ನನ್ನ ಮೊಂಡ ಬಲಗೈ ಕಾಗದದ ಮೂಲೆಯಲ್ಲಿ ಕೂತಿರಬೇಕು, ಎಡಗೈ ಬರೆಯಬೇಕು. ಇದನ್ನು ಕೇಳಿದ ಚಾಚಾ ಬಾಗೇವಾಡಿಯ ಸಂತೆಯಲ್ಲಿ ಆ ಮುದುಕನನ್ನು ಹುಡುಕಿ ಹಿಡಿದು, "ಯಜಮಾನ್ರ, ಎಮ್ಮಿ ಹಿಂಡುವಾಗ ಎಡಗೈ ಹಾಲು ಬ್ಯಾರೆ ಚರಿಗ್ಯಾಗ ಹಿಡೀತೀರೇನು?" ಎಂದು ಕೇಳಿದರಂತೆ. ಮುದುಕ ತಾನೇ ಬಂದು ನನಗೆ ಇದನ್ನು ಹೇಳಿ ನಕ್ಕ.

ಜಮಾಬಂದಿಯ ದಿನ ಬಾಗೇವಾಡಿಯ ಕಚೇರಿಗೆ ಹೋದಾಗ, ಎದುರಿನ ಬೇವಿನ ಮರದ ಕೆಳಗೆ ಗೋಣಿತಟ್ಟು ಹಾಸಿ ಚಾಚಾ ಪೆಟ್ಟಿಗೆಯ ಮುಂದೆ ಕೂತಿದ್ದರು. ಅವತ್ತು ಸಂತೆ ಇರಲಿಲ್ಲ. ಸುತ್ತ ಒಬ್ಬ ಗಿರಾಕಿಯೂ ಇರಲಿಲ್ಲ.

"ಏನ್ ಚಾಚಾ, ಇವತ್ತ?"

"ಸಂತಿ ಇಲ್ಲೇನು ಇವತ್ತು? ನನಗ ಗೊತ್ತ ಇರಲಿಲ್ಲ ಬಿಡು. ನೀ ಒಳಗ ನಡಿ."

ಮಾಮಲೇದಾರರು ದಫ್ತರ ತಿರುವಿದರು. ಇದು ನಾನೇ ಬರೆದದ್ದೋ, ಬೇರ್ಯಾರಿಂದಲೋ ಬರೆಸಿದ್ದೋ ಎಂದು ಅವರಿಗೆ ಸಂಶಯ. ಎದುರಿಗೇ ಬರೆಯಲು ಹೇಳಿದರು. ಮೇಜಿನ ಮೇಲೆ ಕಾಗದ ಓರೆಯಾಗಿಟ್ಟು, ಕೈಯನ್ನು ಸಾಲಿನ ಕೆಳಗಿಟ್ಟು, ನಿಧಾನವಾಗಿ ನಾಲ್ಕು ಸಾಲು ಬರೆದೆ. ಓದಿದರು. "ಮೊದಲಿನ ಮುತ್ತು ಇಲ್ಲ. ಜ್ವಾಳದ ಕಾಳು ಅಂತ ತಿಳ್ಕೊಂತೇನಿ. ನಡೀಲಿ" ಎಂದು ಸಹಿ ಹಾಕಿದರು. ಹೊರಗೆ ಓಡಿ ಬಂದು ಹೇಳಿದಾಗ ಚಾಚಾ ಗೋಣಿತಟ್ಟು ಮಡಚಿ, ಬಸ್ಸಿನ ಹೊತ್ತು ಕೇಳಿದರು.

ನನ್ನ ಕೆಲಸ ಉಳಿಯಿತು. ಆ ಕೆಲಸದ ಮೇಲೆ ಮದುವೆ, ಮಕ್ಕಳು, ಅವ್ವನ ಮುಪ್ಪು ಎಲ್ಲವೂ ನಡೆಯಿತು. ಆದರೆ ಮನಸ್ಸಿನಲ್ಲಿ ಒಂದು ಮುಳ್ಳು ಮುರಿದು ಉಳಿದಿತ್ತು. ಆಮೇಲಿನ ಶುಕ್ರವಾರಗಳಲ್ಲಿ ಯಾವಾಗ ಮುದ್ದೇಬಿಹಾಳಕ್ಕೆ ಹೋದರೂ ಚಾಚಾ ಕಟ್ಟೆಯ ಮೇಲೆ ಪತ್ರ ಬರೆಯುತ್ತ ಕೂತದ್ದು ಕಾಣಲಿಲ್ಲ. ಕಟ್ಟೆ ಖಾಲಿ ಇರುತ್ತಿತ್ತು, ಯಾವುದೋ ಸಂತೆಗೆ ಹೋಗಿರಬೇಕೆಂದುಕೊಳ್ಳುತ್ತಿದ್ದೆ. ಬರೆಯಲು ಅವರ ಪೆಟ್ಟಿಗೆ ತುಂಬ ಪೆನ್ನುಗಳಿದ್ದವು. "ಬ್ಯಾರೆ ಪೆನ್ನು ಮಗಳಿಗೆ ಬರಿಯಾಕ ಕೈಗೆ ಕೂಡೂದಿಲ್ಲ" ಎಂದು ಒಮ್ಮೆ ಕಿರಾಣಿ ಅಂಗಡಿಯವರ ಹತ್ತಿರ ಅಂದಿದ್ದರಂತೆ. ಒಬ್ಬ ತಂದೆಯ ಮಾತನ್ನು ಕಸಿದುಕೊಂಡು ನಾನು ಉತಾರ ಬರೆಯುತ್ತಿದ್ದೇನೆ ಅನಿಸುತ್ತಿತ್ತು. ಕೇಳುವ ಧೈರ್ಯ ಬರಲಿಲ್ಲ.

ಮುಂದೆ ಬಾಲ್ ಪೆನ್ನು ಬಂದವು. ಗಿರಾಕಿ ಕಡಿಮೆಯಾದರು. ಚಾಚಾ ಅವುಗಳ ತುದಿಯನ್ನೂ ಭೂತಗನ್ನಡಿಯಲ್ಲಿ ನೋಡಿ, "ಗುಂಡು ಉರುಳತೈತಿ, ಬರಿಯೂದಿಲ್ಲ" ಎಂದು ತೀರ್ಪು ಕೊಟ್ಟರು. ಒಂದು ಚಳಿಗಾಲ ಕೆಮ್ಮು ಹಿಡಿದು ಮಲಗಿದರು. ಸುದ್ದಿ ನನಗೆ ತಲುಪುವ ಹೊತ್ತಿಗೆ ಮಣ್ಣೂ ಆಗಿತ್ತು. ಅವರ ಗೋರಿಯ ಮುಂದೆ ನಿಂತು ಬಂದೆ, ಸಮಾಧಾನವಾಗಲಿಲ್ಲ.

ಕೆಲವು ದಿನ ಬಿಟ್ಟು, ಪೆನ್ನನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಇಂಡಿಗೆ ಹೋದೆ. ಮಗಳ ಮನೆಯವರು ಬಟ್ಟೆಯ ವ್ಯಾಪಾರಿಗಳು, ಅನುಕೂಲಸ್ಥರು. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಬಂದು, ನನ್ನ ಬಲಗೈ ನೋಡಿದೊಡನೆ, "ತಲಾಟಿ ಅಣ್ಣಾರ ಏನ್ರಿ?" ಎಂದಳು. ನಾನು ಪೆನ್ನು ಅವಳ ಮುಂದಿಟ್ಟೆ. ಇದು ನಿಮ್ಮ ತಂದೆಯದು, ನಿಮಗೆ ಸೇರಬೇಕಾದದ್ದು, ಇದರಿಂದ ನಿಮಗೆ ಪತ್ರ ತಪ್ಪಿತು ಎಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

ಅವಳು ಕಾಗದ ತಂದು ಉರ್ದುವಿನಲ್ಲಿ ಅಬ್ಬಾನ ಹೆಸರು ಬರೆಯಲು ನೋಡಿದಳು. ನಿಬ್ಬು ಚುಚ್ಚಿ ನಿಂತಿತು. ಇನ್ನೊಮ್ಮೆ ನೋಡಿದಳು. ಕಾಗದ ಹರಿಯಿತು. ಕಣ್ಣು ಒರೆಸಿಕೊಳ್ಳುತ್ತಲೇ ನಕ್ಕಳು.

"ಅಣ್ಣಾರ, ನನ್ನ ಲಗ್ನ ಆದ ಮ್ಯಾಲೆ ಅಬ್ಬಾ ಇಂಡಿ ಸಂತಿಗೆ ಬರೂದ ಬಿಟ್ಟಿದ್ರು. ಬೀಗರ ಊರಾಗ ಗೋಣಿತಟ್ಟಿನ ಮ್ಯಾಲೆ ಕುಂತು ಪೆನ್ ಮಾರಿದ್ರ ಮಗಳಿಗೆ ಕಡಿಮಿ ಅಂತ ತಿಳ್ಕೊಂಡಿದ್ರು. ಅದಕ್ಕ ಬರೇ ಪತ್ರ, ಪತ್ರ. ನಾ ಎಷ್ಟ ಕರದ್ರೂ ಬರಲಿಲ್ಲ. ನಿಮಗ ಈ ಪೆನ್ ಕೊಟ್ಟ ಮ್ಯಾಲೆ ಎರಡ ಶುಕ್ರವಾರ ತಡದ್ರು ನೋಡ್ರಿ. ಮೂರನೇದಕ್ಕ ಪೆಟಗಿ ತೊಡಿ ಮ್ಯಾಲೆ ಇಟ್ಕೊಂಡು ಬಸ್ ಹತ್ತಿ ತಾವ ಬಂದ್ರು. ಕಡೀತನಕ ಬಂದ್ರು. ನಮ್ಮ ಮಾವ ಸುದ್ದಾ ಅವರ ಮಗ್ಗಲಕ್ಕ ಗೋಣಿತಟ್ಟಿನ ಮ್ಯಾಲೆ ಕುಂತು ಚಹ ಕುಡೀತಿದ್ರು."

ಪೆನ್ನಿಗೆ ಟೊಪ್ಪಿಗೆ ಹಾಕಿ, ಎರಡೂ ಕೈಯಲ್ಲಿ ಹಿಡಿದು ನನ್ನ ಎಡಗೈಗೆ ಕೊಟ್ಟಳು.

"ನನಗ ಪತ್ರ ಹೋಗಿ ಅಬ್ಬಾ ಸಿಕ್ರು. ಇದನ್ನ ನೀವ ಇಟ್ಕೊಳ್ರಿ" ಎಂದು ಒಳಗೆ ಹೋಗಿ, ನನಗೆ ಉಣ್ಣಲು ರೊಟ್ಟಿ ಬಡಿಯತೊಡಗಿದಳು.